ಕಂಪ್ರೆಸರಿನ ಡ್ರೇನ್ ವಾಲ್ವ್ ಸೋರುತ್ತಿದೆಯೇ? ಹೊಸದು ಹಾಕುವ ಮೊದಲು ಟ್ಯಾಂಕಿನೊಳಗೆ ಇಣುಕಿ

ಮನೆಬಳಕೆಯ ಏರ್ ಕಂಪ್ರೆಸರಿನಲ್ಲಿ ತೀರಾ ಅಗ್ಗದ ಬಿಡಿಭಾಗಗಳಲ್ಲೊಂದು, ಒಳಗೆ ಸೇರಿದ ನೀರನ್ನು ಹೊರಬಿಡಲು ಟ್ಯಾಂಕಿನ ತಳದಲ್ಲಿರುವ ಡ್ರೇನ್ ವಾಲ್ವ್. ಮುಂಬಯಿಯ ಅಂಗಡಿಗಳಲ್ಲಿ ಡ್ರೇನ್ ಕಾಕ್ ಅಂತ ಕೇಳಿದರೆ ಬೇಗ ಸಿಗುತ್ತದೆ. ಅದನ್ನು ಬದಲಿಸುವ ಕೆಲಸ ಒಂದೆರಡು ಪಾನಾ, ಒಂದು ಸುರುಳಿ ಟೆಫ್ಲಾನ್ ಟೇಪ್ ಇದ್ದರೆ ಯಾರ ಕೈಗೂ ಹತ್ತುವಂಥದ್ದೇ. ಆದರೆ ವಾಲ್ವನ್ನು ಹಾಳುಮಾಡಿದ ನೀರು ಅಷ್ಟೂ ಕಾಲ ಟ್ಯಾಂಕಿನ ಒಳಗೋಡೆಯ ಮೇಲೂ ಕೂತಿತ್ತು ಎಂಬುದನ್ನು ಮರೆಯಬಾರದು. ವಾಲ್ವ್ ಬಿಚ್ಚಿದಾಗ ತೆರೆದುಕೊಳ್ಳುವ, ಬೆರಳೂ ಸರಿಯಾಗಿ ತೂರದ ಆ ಸಣ್ಣ ತೂತೇ ನನ್ನ ಪ್ರಕಾರ ಈ ಇಡೀ ಕೆಲಸದ ಮುಖ್ಯ ಭಾಗ. ಅದರ ಮೂಲಕ ಒಳಗೆ ನೋಡದೆ ಹೊಸ ವಾಲ್ವ್ ಕೂರಿಸಬೇಡಿ.

ಮುಂಬಯಿ ಸುತ್ತಲಿನ ಡೊಂಬಿವಲಿ, ಕಲ್ಯಾಣ, ಠಾಣೆ, ಮೀರಾ ರೋಡ್ ಕಡೆ ನಮ್ಮ ಕನ್ನಡಿಗರ ಮನೆಗಳಲ್ಲೂ ಈಗ 24 ಅಥವಾ 50 ಲೀಟರಿನ ಕಂಪ್ರೆಸರ್ ಕಾಣಸಿಗುತ್ತದೆ. ಸ್ಕೂಟರಿನ ಟೈರಿಗೆ, ಎಸಿಯ ಧೂಳು ಊದಲು, ಹಳೆಯ ಕಪಾಟಿಗೆ ಸ್ಪ್ರೇ ಪಾಲಿಶ್ ಹೊಡೆಯಲು ಅದು ಬೇಕು. ಚೌತಿಯ ಮುಂಚಿನ ವಾರಗಳಲ್ಲಿ ಗಣಪತಿ ಮೂರ್ತಿಗೆ ಬಣ್ಣ ಹಾಕುವವರಿಗಂತೂ ಬೇಕೇ ಬೇಕು. ಚೌತಿ ಬರುವುದು ಮಳೆಗಾಲದಲ್ಲಿ, ಕಂಪ್ರೆಸರಿಗೆ ವರ್ಷದಲ್ಲೇ ಕೆಟ್ಟ ಕಾಲವೂ ಅದೇ.

ನೀರು ಎಲ್ಲಿಂದ ಬರುತ್ತದೆ

ಗಾಳಿಯಲ್ಲಿರುವ ನೀರಾವಿಯೇ ಒಳಗೆ ನೀರಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಜುಲೈ ತಿಂಗಳ ಮುಂಬಯಿಯಲ್ಲಿ ತೇವಾಂಶ ಶೇ. 85 ಅಂತ ಇಟ್ಟುಕೊಳ್ಳಿ, ಆಗ ಘನ ಮೀಟರಿಗೆ ಸುಮಾರು 26 ಗ್ರಾಂ ಆಯಿತು. ಈ ಗಾಳಿಯನ್ನು ಗೇಜಿನಲ್ಲಿ 8 ಬಾರ್ ಒತ್ತಡ ತೋರಿಸುವ ತನಕ ಹಿಂಡಿದರೆ (ಹೊರಗಿನ ಗಾಳಿಯ ಸುಮಾರು 1 ಬಾರ್ ಸೇರಿ ಒಟ್ಟು 9) ಅದರ ಗಾತ್ರ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಟ್ಯಾಂಕ್ ತಣ್ಣಗಾದ ಮೇಲೆ ಅಷ್ಟು ಚಿಕ್ಕ ಜಾಗ ಅಷ್ಟು ನೀರಾವಿಯನ್ನು ಹಿಡಿದುಕೊಳ್ಳಲಾರದು, ಮಿಕ್ಕಿದ್ದೆಲ್ಲ ನೀರಾಗಿ ತಳಕ್ಕಿಳಿಯುತ್ತದೆ.

24 ಲೀಟರಿನ ಟ್ಯಾಂಕನ್ನು ಸೊನ್ನೆಯಿಂದ 8 ಬಾರ್‌ಗೆ ಒಂದು ಸಲ ತುಂಬಿಸಿದರೆ ಹೀಗೆ ಸುಮಾರು ಒಂದು ಟೀ ಚಮಚದಷ್ಟು ನೀರು ಸೇರುತ್ತದೆ. ಅಷ್ಟೇ ತಾನೇ ಅನ್ನಿಸಬಹುದು. ನಿಮಿಷಕ್ಕೆ 100 ಲೀಟರ್ ಗಾಳಿ ಎಳೆಯುವ ಯಂತ್ರ ಒಂದು ಗಂಟೆ ಬಿಡದೆ ಓಡಿತು ಅನ್ನಿ, ಒಳಗೆ ಹೋದ ನೀರಾವಿ 150 ಗ್ರಾಂ ದಾಟುತ್ತದೆ. ಒಂದಷ್ಟು ಬಿಸಿ ಗಾಳಿಯ ಜೊತೆ ಸ್ಪ್ರೇ ಗನ್ನಿನ ಕಡೆಗೆ ಹೋಗುತ್ತದೆ, ಬಣ್ಣದ ಮೇಲೆ ಗುಳ್ಳೆ ಏಳಿಸುವುದು ಅದೇ. ಉಳಿದದ್ದು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ.

ಟ್ಯಾಂಕ್ ಮೈಲ್ಡ್ ಸ್ಟೀಲಿನದು, ಡ್ರೇನ್ ಕಾಕ್ ಸಾಮಾನ್ಯವಾಗಿ ಹಿತ್ತಾಳೆಯದು. ಎರಡು ಬೇರೆ ಲೋಹ ನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ. ಕೆರೆದುಬಂದ ತುಕ್ಕಿನ ಚೂರು ವಾಲ್ವಿನ ಸೀಟಿನಲ್ಲಿ, ಅಂದರೆ ತಿರುಪು ಒತ್ತಿ ಕೂತು ಗಾಳಿ ತಡೆಯುವ ಜಾಗದಲ್ಲಿ, ಸಿಕ್ಕಿಕೊಂಡು ಬಾಯಿ ಮುಚ್ಚದಂತೆ ಮಾಡುತ್ತದೆ. ಗಾಳಿ ಸೋರುತ್ತಿದೆ ಅಂತ ನಾವು ಇಕ್ಕಳ ಹಾಕಿ ಇನ್ನಷ್ಟು ಬಿಗಿಯುತ್ತೇವೆ, ಚಿಟ್ಟೆಯಾಕಾರದ ತಿರುಪಿನ ರೆಕ್ಕೆ ಮುರಿಯುತ್ತದೆ ಅಥವಾ ಸೀಟಿನಲ್ಲಿ ಗೀರು ಬೀಳುತ್ತದೆ. ವಾಲ್ವ್ ತಾನಾಗಿ ಕೆಡುವುದಕ್ಕಿಂತ ಈ ಬಿಗಿಯುವ ಕೈಯಿಂದ ಕೆಡುವುದೇ ಹೆಚ್ಚು.

ಸೋರುತ್ತಿರುವುದು ಅದೇನಾ?

ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡನ್ನು ಸ್ವಲ್ಪ ನೀರಿಗೆ ಬೆರೆಸಿ, ಟ್ಯಾಂಕಿನಲ್ಲಿ 2-3 ಬಾರ್ ಒತ್ತಡ ಇಟ್ಟು, ಹಳೆಯ ಬ್ರಶ್ಶಿನಿಂದ ಸವರಿ. ಗುಳ್ಳೆ ಎಲ್ಲಿ ಏಳುತ್ತದೆ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ವಾಲ್ವಿನ ಬಾಯಿಯಲ್ಲೇ ಗುಳ್ಳೆ ಬಂದರೆ ಸೀಟ್ ಅಥವಾ ಓ-ರಿಂಗ್ ಎಂಬ ರಬ್ಬರ್ ಬಳೆ ಹೋಗಿದೆ. ವಾಲ್ವ್ ಟ್ಯಾಂಕಿಗೆ ಸೇರುವ ಥ್ರೆಡ್ಡಿನಲ್ಲಿ ಬಂದರೆ ಟೇಪ್ ಸಡಿಲವಾಗಿದೆ ಅಥವಾ ಥ್ರೆಡ್ ಸವೆದಿದೆ. ಅದರ ಪಕ್ಕದ ತಗಡಿನ ಮೇಲೆ, ಬಣ್ಣ ಉಬ್ಬಿದ ಜಾಗದಲ್ಲಿ, ಸೂಜಿಮೊನೆಯಷ್ಟು ಕಡೆಯಿಂದ ಗುಳ್ಳೆ ಬಂದರೆ ಅಲ್ಲಿಗೆ ನಿಲ್ಲಿಸಿ. ಆಗ ಹೋಗಿರುವುದು ಟ್ಯಾಂಕು. ಅದರ ವಿಚಾರ ಕೊನೆಯಲ್ಲಿದೆ.

ಇನ್ನೊಂದು ಗೊಂದಲ ಸಾಮಾನ್ಯ. ಮೋಟಾರ್ ನಿಂತ ಮೇಲೂ, ಒತ್ತಡ ನೋಡಿ ಅದನ್ನು ಓಡಿಸಿ ನಿಲ್ಲಿಸುವ ಪ್ರೆಷರ್ ಸ್ವಿಚ್ಚಿನ ಕೆಳಗಿನಿಂದ ಸುಯ್ ಅಂತ ಗಾಳಿ ಹೋಗುತ್ತಲೇ ಇದ್ದರೆ ಅದಕ್ಕೂ ಡ್ರೇನ್ ವಾಲ್ವಿಗೂ ಸಂಬಂಧವಿಲ್ಲ. ಮೋಟಾರ್ ನಿಂತ ಕೂಡಲೇ ಒಂದೆರಡು ಸೆಕೆಂಡ್ ಬರುವ ಸದ್ದು ಸರಿಯಾದದ್ದೇ. ನಿಲ್ಲದೆ ಬಂದರೆ ಟ್ಯಾಂಕಿನ ಬಾಯಿಯಲ್ಲಿ ಗಾಳಿಯನ್ನು ಹಿಂದಕ್ಕೆ ಬಿಡದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್, ಅಂದರೆ ಎನ್‌ಆರ್‌ವಿ, ಸರಿಯಾಗಿ ಮುಚ್ಚುತ್ತಿಲ್ಲ.

ಸೋರಿಕೆ ವಾಲ್ವಿನ ಬಾಯಿಯಲ್ಲೇ ಇದೆ ಅಂತಾದರೆ ಪಾನಾ ಹಿಡಿಯುವ ಮುಂಚೆ ಒಂದು ಸುಲಭದ ಪ್ರಯತ್ನ ಮಾಡಿ. ಒತ್ತಡ 1-2 ಬಾರ್ ಇರುವಾಗ, ಮುಖ ಆಚೆ ತಿರುಗಿಸಿ, ಕನ್ನಡಕ ಹಾಕಿಕೊಂಡು, ವಾಲ್ವನ್ನು ಸ್ವಲ್ಪ ತೆರೆದು ಮುಚ್ಚಿ, ತೆರೆದು ಮುಚ್ಚಿ. ಸೀಟಿನಲ್ಲಿ ಸಿಕ್ಕಿದ ತುಕ್ಕಿನ ಪುಡಿ ಗಾಳಿಯ ಜೊತೆ ಹೊರಗೆ ಬರುತ್ತದೆ. ಎಷ್ಟೋ ಸಲ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ತಿರುಪನ್ನು ಮಾತ್ರ ಪೂರ್ತಿ ಬಿಚ್ಚಿ ತೆಗೆಯಬೇಡಿ, ಒಳಗೆ ಗಾಳಿ ಇರುವಾಗ ಅದು ಸಿಡಿದು ಹಾರುತ್ತದೆ.

ಹಳೆಯ ಕಾಕನ್ನೇ ಉಜ್ಜಿ, ತಿಕ್ಕಿ, ಓ-ರಿಂಗ್ ಬದಲಿಸಿ ಉಳಿಸಿಕೊಳ್ಳಬಹುದು. ಓ-ರಿಂಗ್ ಇರುವ ಜಾತಿಯದಾದರೆ ಒಮ್ಮೆ ಹಾಗೆ ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಲೋಹಕ್ಕೆ ಲೋಹ ಕೂರುವ ಸೀಟಿನಲ್ಲಿ ಗೀರು ಬಿದ್ದಿದ್ದರೆ ಅದಕ್ಕೆ ಸಮಯ ಹಾಕಬೇಡಿ, ಹೊಸದು ತನ್ನಿ.

ಗಾಳಿ ಖಾಲಿ ಮಾಡುವುದು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಒತ್ತಡ ಇಳಿದ ತಕ್ಷಣ ಪ್ರೆಷರ್ ಸ್ವಿಚ್ ಮೋಟಾರನ್ನು ತಾನಾಗಿ ಓಡಿಸುತ್ತದೆ, ಆಗ ನಿಮ್ಮ ಕೈ ಫ್ಯಾನಿನ ಪಕ್ಕ ಇರಬಾರದು. ಆಮೇಲೆ ಔಟ್‌ಲೆಟ್ ತೆರೆದು ಪೈಪಿನ ಮೂಲಕ ಗಾಳಿ ಬಿಡಿ. ಕೊನೆಯಲ್ಲಿ ಸೇಫ್ಟಿ ವಾಲ್ವಿನ ಉಂಗುರವನ್ನೂ ಎಳೆದು ನೋಡಿ. ಉಳಿದ ಗಾಳಿ ಹೋಗುತ್ತದೆ, ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಉಂಗುರ ಎಳೆದರೂ ಅಲುಗದಿದ್ದರೆ ಹೊಸ ಸೇಫ್ಟಿ ವಾಲ್ವೂ ನಿಮ್ಮ ಖರೀದಿ ಪಟ್ಟಿಗೆ ಸೇರಿತು.

ಗೇಜಿನ ಮುಳ್ಳು ಸೊನ್ನೆ ತೋರಿಸಿದರೂ ಅದೊಂದನ್ನೇ ನಂಬಬೇಡಿ, ಅಗ್ಗದ ಗೇಜುಗಳ ಮುಳ್ಳು ಸಿಕ್ಕಿಕೊಳ್ಳುವುದುಂಟು. ಔಟ್‌ಲೆಟ್ ಪೂರ್ತಿ ತೆರೆದಿರಬೇಕು, ಅದರಿಂದ ಗಾಳಿ ಬರುವುದು ನಿಂತಿರಬೇಕು, ಕೆಲಸ ಮುಗಿಯುವ ತನಕ ಅದು ತೆರೆದೇ ಇರಬೇಕು. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಂಥ ಕಾಕುಗಳಲ್ಲಿ ಸಾಮಾನ್ಯವಾಗಿರುವ ಕಾಲಿಂಚಿನ ಪೈಪ್ ಥ್ರೆಡ್ಡಿನ ಹೊರ ಅಳತೆ ಸುಮಾರು 13 ಮಿ.ಮೀ. ಟ್ಯಾಂಕಿನಲ್ಲಿ 8 ಬಾರ್ ಇದ್ದಾಗ ಅಷ್ಟಗಲದ ವಾಲ್ವನ್ನು ಒಳಗಿನಿಂದ ಸುಮಾರು 11 ಕಿಲೋ ಬಲ ಹೊರಕ್ಕೆ ದೂಡುತ್ತಿರುತ್ತದೆ. ಕೊನೆಯ ಥ್ರೆಡ್ ಬಿಟ್ಟ ಕ್ಷಣ ಆ ಹಿತ್ತಾಳೆಯ ತುಂಡು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಿ. ಅದನ್ನು ಬಿಚ್ಚುವಾಗ ನಿಮ್ಮ ಮುಖ ಇರುವುದು ಅದರ ಎದುರಿಗೇ.

ಬಿಚ್ಚುವುದು

ಆಯಿಲ್ ಹಾಕುವ ಜಾತಿಯ ಕಂಪ್ರೆಸರಾದರೆ ಅದನ್ನು ಸೀದಾ ಮಗುಚಬೇಡಿ. ಗಾಳಿಯಾಡಲು ಬಿಟ್ಟಿರುವ ಬ್ರೀದರ್ ತೂತಿನಿಂದ ಆಯಿಲ್ ಸುರಿದು ನೆಲವೆಲ್ಲ ಆಗುತ್ತದೆ, ಸಿಲಿಂಡರಿನೊಳಗೂ ಹೋಗಬಹುದು. ಆಯಿಲನ್ನು ಮೊದಲೇ ಬಸಿದಿಡಿ, ಇಲ್ಲವೆ ಯಂತ್ರವನ್ನು ನಿಂತ ಹಾಗೆಯೇ ಎರಡು ಗಟ್ಟಿ ಸ್ಟೂಲುಗಳ ನಡುವೆ ಇಟ್ಟು ಕೆಳಗಿನಿಂದ ಕೆಲಸ ಮಾಡಿ. ಆಯಿಲ್-ಫ್ರೀ ಯಂತ್ರವಾದರೆ ಹಳೆಯ ಚಾದರ ಹಾಸಿ ಮಗ್ಗುಲಿಗೆ ಮಲಗಿಸಬಹುದು.

ತುಕ್ಕು ಹಿಡಿದ ಕಾಕ್ ಒಂದೇ ಸಲಕ್ಕೆ ಬರುವುದಿಲ್ಲ. ಡಬ್ಲ್ಯೂಡಿ-40 ಅಥವಾ ಅಂಥದ್ದೇ ಯಾವುದಾದರೂ ರಸ್ಟ್ ಸ್ಪ್ರೇಯನ್ನು ಥ್ರೆಡ್ಡಿಗೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆದು ಸಣ್ಣ ಸುತ್ತಿಗೆಯಿಂದ ವಾಲ್ವಿನ ಷಡ್ಭುಜ ಭಾಗದ ಮೇಲೆ ನಾಲ್ಕು ಕಡೆ ಮೆಲ್ಲಗೆ ತಟ್ಟಿ. ಪಾನಾ ಸರಿಯಾದ ಅಳತೆಯದೇ ಇರಲಿ. ಇಕ್ಕಳ ಹಿಡಿದರೆ ಮೆತ್ತನೆಯ ಹಿತ್ತಾಳೆಯ ಮೂಲೆಗಳು ಉರುಟಾಗಿ ಆಮೇಲೆ ಯಾವ ಪಾನಾವೂ ನಿಲ್ಲುವುದಿಲ್ಲ. ಮೊದಲು ಒಂದು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ಒತ್ತಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ಸಡಿಲಿಸುವ ದಿಕ್ಕಿಗೆ ತಿರುಗಿಸಿ. ವಾಲ್ವನ್ನು ಎದುರಿಗೆ ನೋಡುವಾಗ ಅದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕು. ಯಂತ್ರದ ಕೆಳಗೆ ತಲೆ ತೂರಿಸಿ ಮಲಗಿದಾಗ ಎಡಬಲ ತಪ್ಪಿ ಬಿಗಿಯುತ್ತಾ ಹೋಗುವುದು ತೀರಾ ಸುಲಭ.

ಬೆಂಕಿ ತೋರಿಸಿದರೆ ಸಡಿಲವಾಗುತ್ತದೆ ಅನ್ನುವವರಿದ್ದಾರೆ. ಟ್ಯಾಂಕಿನ ಒಳಗೋಡೆಯ ಮೇಲೆ ಆಯಿಲಿನ ಪಸೆ ಇರುತ್ತದೆ, ನೀವು ಹೊಡೆದ ಸ್ಪ್ರೇಯೂ ಹೊತ್ತಿಕೊಳ್ಳುವಂಥದ್ದೇ. ಗ್ಯಾಸ್ ಟಾರ್ಚನ್ನು ಇದರ ಹತ್ತಿರ ತರಲೇಬೇಡಿ.

ಕಾಕ್ ಮುರಿದು ಅರ್ಧ ಒಳಗೇ ಉಳಿದರೆ ಈಸಿ-ಔಟ್ ಎಂಬ ಎಡತಿರುಪಿನ ಸಲಕರಣೆ ಬೇಕಾಗುತ್ತದೆ. ಹಿತ್ತಾಳೆ ಮೆತ್ತಗಿರುವುದರಿಂದ ಅದು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಕೈಗೆ ಅಭ್ಯಾಸವಿಲ್ಲದಿದ್ದರೆ ಹತ್ತಿರದ ಲೇತ್ ಶಾಪಿಗೆ ಟ್ಯಾಂಕ್ ಸಮೇತ ಒಯ್ಯುವುದು ವಾಸಿ. ಡ್ರಿಲ್ ಸ್ವಲ್ಪ ಓರೆಯಾಗಿ ಟ್ಯಾಂಕಿನ ಥ್ರೆಡ್ಡಿಗೆ ತಾಗಿದರೆ, ಇನ್ನೂರು ರೂಪಾಯಿಯ ಕೆಲಸಕ್ಕೆ ಇಡೀ ಟ್ಯಾಂಕ್ ಹೋಗುತ್ತದೆ.

ತೂತಿನೊಳಗೆ

ಮೊದಲು ಬರುವ ನೀರನ್ನು ಬಿಳಿ ಬಟ್ಟಲಿಗೋ ಹಳೆಯ ಐಸ್‌ಕ್ರೀಮ್ ಡಬ್ಬಿಗೋ ಹಿಡಿಯಿರಿ. ಚಹದ ಬಣ್ಣದ ನೀರು, ತಳದಲ್ಲಿ ನಯವಾದ ಕೆಂಪು ಪುಡಿ ಇದ್ದರೆ ಅಷ್ಟು ಹೆದರಬೇಕಿಲ್ಲ, ಬಳಸಿದ ಯಾವ ಟ್ಯಾಂಕಿನಲ್ಲೂ ಇರುವುದು ಅದೇ. ಆಯಿಲ್ ಯಂತ್ರವಾದರೆ ನೀರು ಹಾಲು ಬೆರೆಸಿದ ಹಾಗೆ ಇರುತ್ತದೆ, ಅದೂ ಸಹಜ. ನೋಡಬೇಕಾದದ್ದು ಪದರ ಪದರವಾಗಿ ಎದ್ದ ತುಕ್ಕಿನ ಹಕ್ಕಳೆ ಇದೆಯಾ ಅಂತ. ಅರ್ಧ ಲೀಟರ್ ನೀರು ಹೊಯ್ದು ಟ್ಯಾಂಕನ್ನು ಅಲುಗಿಸಿ ಮತ್ತೆ ಬಸಿಯಿರಿ. ಉಗುರಿನಗಲದ ಹಕ್ಕಳೆಗಳು ಬಂದರೆ ಅವು ಒಳಗೋಡೆಯ ಲೋಹವೇ ತುಕ್ಕಾಗಿ ಎದ್ದದ್ದು, ಗೋಡೆ ತೆಳುವಾಗಿದೆ ಅಂತ ಅರ್ಥ.

ಫೋನಿಗೆ ಜೋಡಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರ ತಲೆ ಈ ತೂತಿನಲ್ಲಿ ಆರಾಮಾಗಿ ಹೋಗುತ್ತದೆ. ತಳದ ಉದ್ದಕ್ಕೂ ನೀರು ನಿಂತ ಗೆರೆ ಕಾಣುತ್ತದೆ. ಅಲ್ಲಿ ಗುಳಿ ಬಿದ್ದಿದೆಯಾ, ಬೆಸುಗೆಯ ಅಂಚಿನಲ್ಲಿ ತುಕ್ಕು ಕೊರೆದಿದೆಯಾ ನೋಡಿ. ಹೊರಗಡೆ ವಾಲ್ವ್ ಕೂರುವ ಸಾಕೆಟ್ಟಿನ ಸುತ್ತ ಬಣ್ಣ ಕೆರೆದು, ಸ್ಕ್ರೂಡ್ರೈವರಿನ ಮೊನೆಯಿಂದ ಗಟ್ಟಿಯಾಗಿ ಒತ್ತಿ. ತಗಡು ಒಳಗೆ ತಗ್ಗಿದರೆ ಮುಂದಿನ ಪ್ರಶ್ನೆಯೇ ಇಲ್ಲ.

ಅನುಮಾನ ಉಳಿದರೆ ಹೈಡ್ರೋ ಟೆಸ್ಟ್ ಮಾಡಿಸಬಹುದು. ಟ್ಯಾಂಕಿನಲ್ಲಿ ಒಂದು ಹನಿ ಗಾಳಿಗೂ ಜಾಗ ಬಿಡದೆ ನೀರು ತುಂಬಿ, ಕೈಪಂಪಿನಿಂದ ವಿನ್ಯಾಸದ ಒತ್ತಡದ ಒಂದೂವರೆ ಪಟ್ಟಿಗೆ ಒಯ್ದು ನಿಲ್ಲಿಸಿ ನೋಡುವುದು ವಾಡಿಕೆಯ ಕ್ರಮ. ನೀರು ಹಿಗ್ಗುವುದಿಲ್ಲವಾದ್ದರಿಂದ ಟ್ಯಾಂಕ್ ಸೋತರೂ ಒಂದಿಷ್ಟು ನೀರು ಚಿಮ್ಮಿ ನಿಲ್ಲುತ್ತದೆ. ಅದೇ ಗಾಳಿ ತುಂಬಿ ಪರೀಕ್ಷಿಸಿದರೆ ಟ್ಯಾಂಕ್ ಸಿಡಿಯುತ್ತದೆ. ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಪಂಪ್ ಇಟ್ಟುಕೊಂಡಿರುವ ಕಂಪ್ರೆಸರ್ ರಿಪೇರಿ ಅಂಗಡಿಯವರಿಗೆ ಕೊಡಿ.

“ಅಲ್ಲ ಮಾರಾಯ್ರೆ, ಸೂಜಿಮೊನೆಯಷ್ಟು ತೂತಿಗೆ ಎಂ-ಸೀಲ್ ಮೆತ್ತಿದ್ರೆ ಸಾಲ್ದಾ?” ಅಂತ ನಮ್ಮ ಕುಂದಾಪುರ, ಉಡುಪಿ ಕಡೆಯವರು ಯಾರಾದರೂ ಕೇಳಿಯೇ ಕೇಳುತ್ತಾರೆ. ನೀರಿನ ಟಾಂಕಿಗೆ ಸಾಕು. ಇಲ್ಲಿ ತೂತು ಕಂಡದ್ದು ಒಂದಾದರೂ ಸುತ್ತಲಿನ ಗೋಡೆ ತೆಳುವಾದ ಮೇಲೆಯೇ ಅದು ಹುಟ್ಟಿರುವುದು. ಮೆತ್ತಿದ ಪುಟ್ಟಿ ಸೋರಿಕೆಯನ್ನು ಮುಚ್ಚುತ್ತದೆ, ಗೋಡೆಗೆ ಬಲ ಕೊಡುವುದಿಲ್ಲ. ಬೀದಿಬದಿಯ ವೆಲ್ಡಿಂಗಿಗೂ ಇದೇ ಉತ್ತರ: ತೆಳುವಾದ ತಗಡಿಗೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಜಾಗ ಇನ್ನಷ್ಟು ದುರ್ಬಲವಾಗುತ್ತದೆ.

ಟ್ಯಾಂಕ್ ಗಟ್ಟಿಯಾಗಿದ್ದರೆ ಒಳಗೆ ಚೆನ್ನಾಗಿ ತೊಳೆದು, ತೂತು ಕೆಳಗೆ ಬರುವಂತೆ ಇಟ್ಟು, ಒಂದು ದಿನ ಫ್ಯಾನಿನ ಕೆಳಗೆ ಒಣಗಲು ಬಿಡಿ. ಸಾಕೆಟ್ಟಿನ ಥ್ರೆಡ್ಡನ್ನು ಸಣ್ಣ ತಂತಿ ಬ್ರಶ್ಶಿನಿಂದ ಉಜ್ಜಿ. ಹಳೆಯ ಟೇಪಿನ ಎಳೆಗಳು ಸಂದಿಯಲ್ಲಿ ಕೂತಿರುತ್ತವೆ, ಅವನ್ನು ದಬ್ಬಣದಿಂದ ಕಿತ್ತು ತೆಗೆಯಿರಿ. ಉಳಿದರೆ ಹೊಸ ಟೇಪ್ ಕೂರುವುದಿಲ್ಲ.

ಹೊಸದು ಕೊಳ್ಳುವಾಗ

ಬಿಚ್ಚಿದ ಹಳೆಯ ಕಾಕನ್ನು ಜೇಬಿಗೆ ಹಾಕಿಕೊಂಡೇ ಅಂಗಡಿಗೆ ಹೋಗಿ. ಅಳತೆಯನ್ನು ಬಾಯಲ್ಲಿ ಹೇಳಿ ತಂದದ್ದು ವಾಪಸ್ ಹೋಗುವುದೇ ಹೆಚ್ಚು. ಮುಂಬಯಿಯಲ್ಲಿ ಇಂಥದ್ದಕ್ಕೆ ನಾಗದೇವಿ ಸ್ಟ್ರೀಟ್ ಇದ್ದೇ ಇದೆ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ಸಿಗುವ ಆ ಗಲ್ಲಿಗಳಲ್ಲಿ ವಾಲ್ವ್, ಫಿಟ್ಟಿಂಗ್, ಪಾನಾಗಳದೇ ಸಾಲು ಅಂಗಡಿ. ಭಾನುವಾರ ಬಹುತೇಕ ಮುಚ್ಚಿರುತ್ತವೆ. ಉಪನಗರದವರು ಇದೊಂದಕ್ಕಾಗಿ ಲೋಕಲ್ ಹತ್ತಬೇಕಾಗಿಲ್ಲ, ಸ್ಪ್ರೇ ಪೇಂಟಿಂಗ್ ಸಾಮಾನು ಮಾರುವ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿ ಕಾಲಿಂಚಿಗೆ ಪಾವ್ ಇಂಚ್ ಅನ್ನುತ್ತಾರೆ, ಕೆಲವರು ದೋ ಸೂತ್ ಅನ್ನುತ್ತಾರೆ, ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ.

ಕಾಲಿಂಚು ಅಂದ ಮಾತ್ರಕ್ಕೆ ಕಾಲಿಂಚು ಅಳೆದು ಬರುವುದಿಲ್ಲ. ಪೈಪ್ ಥ್ರೆಡ್ಡಿನಲ್ಲಿ ಬಿಎಸ್‌ಪಿ (ಬ್ರಿಟಿಷ್ ಅಳತೆ), ಎನ್‌ಪಿಟಿ (ಅಮೆರಿಕದ ಅಳತೆ) ಅಂತ ಬೇರೆ ಬೇರೆ ಜಾತಿ ಇವೆ. ಕಾಲಿಂಚಿನ ಬಿಎಸ್‌ಪಿ ಥ್ರೆಡ್ಡಿನ ಹೊರವ್ಯಾಸ 13 ಮಿ.ಮೀ.ಗಿಂತ ತುಸು ಹೆಚ್ಚು, ಮೂರು ಸೂತಿನದು 16.5 ಮಿ.ಮೀ. ಆಸುಪಾಸು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಬಿಎಸ್‌ಪಿ. ಅಮೆರಿಕದ ಕಡೆಯ ವಿನ್ಯಾಸದ ಆಮದು ಯಂತ್ರಗಳಲ್ಲಿ ಎನ್‌ಪಿಟಿ ಇರಬಹುದು. ಕಾಲಿಂಚಿನ ಬಿಎಸ್‌ಪಿಯಲ್ಲಿ ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಮೂರು ಸುತ್ತು ಚೆನ್ನಾಗಿಯೇ ಹೋಗಿ ಆಮೇಲೆ ಬಿಗಿಯಾಗುತ್ತದೆ. ಬಿಗಿ ಬಂತಲ್ಲ ಅಂತ ಬಿಟ್ಟರೆ ಸೋರುತ್ತದೆ, ಒತ್ತಿ ತಿರುಗಿಸಿದರೆ ಟ್ಯಾಂಕಿನ ಥ್ರೆಡ್ ಹಾಳಾಗುತ್ತದೆ. ಹಳೆಯ ಕಾಕಿನ ಥ್ರೆಡ್ಡನ್ನು ಹೊಸದರ ಥ್ರೆಡ್ಡಿನ ಮೇಲೆ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಅದು ಬೇರೆ ಜಾತಿ.

ಯಾವ ಬಗೆಯ ವಾಲ್ವ್ ತರಬೇಕು? ಮೊದಲಿನಂಥದ್ದೇ ಚಿಟ್ಟೆ ತಿರುಪಿನ ಕಾಕ್ ತಂದರೆ ಕೆಲಸ ಬೇಗ ಮುಗಿಯುತ್ತದೆ. ನನ್ನ ಆಯ್ಕೆ ಮಾತ್ರ ಹಿತ್ತಾಳೆಯ ಬಾಲ್ ವಾಲ್ವ್. ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುತ್ತದೆ, ತುಕ್ಕಿನ ಚೂರು ಸಿಕ್ಕಿಕೊಳ್ಳಲು ಒಳಗೆ ಇಕ್ಕಟ್ಟಿನ ದಾರಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ದೂರದಿಂದಲೇ ಹಿಡಿಕೆ ನೋಡಿ ಹೇಳಬಹುದು. ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಫಿಟ್ಟಿಂಗ್), ಒಂದು ಸಣ್ಣ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಪೈಪಿನ ತುಂಡು) ಸೇರಿಸಿ ವಾಲ್ವನ್ನು ಟ್ಯಾಂಕಿನ ಮಗ್ಗುಲಿಗೆ ತಂದರೆ ಬಗ್ಗುವ ಗೋಜೇ ಇಲ್ಲ. ಬಗ್ಗಬೇಕಾದ ಜಾಗದಲ್ಲಿರುವ ವಾಲ್ವನ್ನು ಯಾರೂ ದಿನಾ ತೆರೆಯುವುದಿಲ್ಲ, ತೆರೆಯದ್ದಕ್ಕೇ ತಾನೇ ಈ ಪಾಡು? ಆದರೆ ಈ ತೋಳು ಟ್ಯಾಂಕಿನ ಅಂಚನ್ನಾಗಲಿ ಚಕ್ರವನ್ನಾಗಲಿ ದಾಟಿ ಹೊರಗೆ ಚಾಚಬಾರದು. ಯಾರದೋ ಕಾಲು ತಾಗಿ ಅದು ಮೀಟುಗೋಲಿನಂತೆ ಸಾಕೆಟ್ಟನ್ನೇ ಮುರಿದೀತು.

ವಾಲ್ವಿನ ಮೈಮೇಲೆ ಪಿಎನ್ 16, ಪಿಎನ್ 25 ಅಂತಲೋ ಅಂಥ ಒತ್ತಡದ ಗುರುತೋ ಅಚ್ಚಾಗಿರಬೇಕು, ಪಿಎನ್ 16 ಅಂದರೆ 16 ಬಾರ್. ಪಿವಿಸಿ, ಸಿಪಿವಿಸಿ ಫಿಟ್ಟಿಂಗುಗಳು ಅಡುಗೆಮನೆಯ ನಲ್ಲಿಗೆ ಸರಿ, ಒತ್ತಿದ ಗಾಳಿಗೆ ಎಂದಿಗೂ ಬೇಡ. ಒಡೆದರೆ ಚೂರು ಚೂರಾಗಿ ಸಿಡಿಯುತ್ತವೆ. ಟೈಮರ್ ಇಟ್ಟು ತಾನಾಗಿ ನೀರು ಬಿಡುವ ಎಲೆಕ್ಟ್ರಾನಿಕ್ ಆಟೋ ಡ್ರೇನ್ ಕೂಡ ಸಿಗುತ್ತದೆ. ದಿನವಿಡೀ ಓಡುವ ಕಾರ್ಖಾನೆಗೆ ಅದು ಬೇಕು, 24 ಲೀಟರಿನ ಮನೆ ಯಂತ್ರಕ್ಕೆ ಮೂಗಿಗಿಂತ ಮೂಗುತಿ ಭಾರ.

ಟೇಪ್ ಸುತ್ತಿ ಕೂರಿಸುವುದು

ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೇಪ್ ಸುತ್ತಿ. ವಿರುದ್ಧ ಸುತ್ತಿದರೆ ವಾಲ್ವ್ ತಿರುಗಿಸುವಾಗ ಟೇಪ್ ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ. ತುದಿಯ ಮೊದಲ ಸುತ್ತನ್ನು ಖಾಲಿ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಟ್ಯಾಂಕಿನೊಳಗೋ ವಾಲ್ವಿನೊಳಗೋ ಬೀಳುತ್ತದೆ. ನಮ್ಮಲ್ಲಿ ಸಿಗುವ ತೆಳು ಟೇಪಾದರೆ ನಾಲ್ಕೈದು ಸುತ್ತು ಬೇಕು, ಎಳೆದು ಬಿಗಿಯಾಗಿ, ಥ್ರೆಡ್ಡಿನ ಆಕಾರ ಮೇಲೆ ಕಾಣುವ ಹಾಗೆ. ತಳದಲ್ಲಿ ಚಪ್ಪಟೆ ವಾಷರ್ ಅಥವಾ ಓ-ರಿಂಗ್ ಒತ್ತಿ ಕೂರುವ ಜಾತಿಯ ವಾಲ್ವಿಗೆ ಟೇಪ್ ಬೇಡ, ಅಲ್ಲಿ ಗಾಳಿ ತಡೆಯುವುದು ಆ ರಿಂಗೇ.

ಮೊದಲು ಕೈಯಲ್ಲೇ ತಿರುಗಿಸಿ. ಎರಡು ಮೂರು ಸುತ್ತಾದರೂ ಕೈಯಲ್ಲಿ ಹೋಗದಿದ್ದರೆ ಓರೆಯಾಗಿ ಹತ್ತುತ್ತಿದೆ, ಬಿಚ್ಚಿ ಮತ್ತೆ ಹಿಡಿಯಿರಿ. ಆಮೇಲೆ ಪಾನಾದಿಂದ ಒಂದೂವರೆ ಎರಡು ಸುತ್ತು ಸಾಕು. ಎಲ್ಬೋ ಸರಿಯಾದ ದಿಕ್ಕಿಗೆ ಬರಲಿಲ್ಲ ಅಂತ ಹಿಂದಕ್ಕೆ ತಿರುಗಿಸಿದರೆ ಟೇಪಿನ ಹಿಡಿತ ಒಡೆಯುತ್ತದೆ. ಮುಂದಕ್ಕೆ ಅರ್ಧ ಸುತ್ತು ಹೋಗುವ ಹಾಗಿದ್ದರೆ ಹೋಗಿ. ಆಗದಿದ್ದರೆ ಪೂರ್ತಿ ಬಿಚ್ಚಿ, ಹಳೆಯ ಟೇಪ್ ಕಿತ್ತು, ಒಂದು ಸುತ್ತು ಹೆಚ್ಚಿಗೆ ಹಾಕಿ ಮೊದಲಿನಿಂದ ಮಾಡಿ. ಎಲ್ಬೋ ಜೋಡಿಸಿದ್ದರೆ ಅದನ್ನು ಒಂದು ಪಾನಾದಲ್ಲಿ ಹಿಡಿದುಕೊಂಡು ಮುಂದಿನ ಭಾಗವನ್ನು ಇನ್ನೊಂದರಲ್ಲಿ ಬಿಗಿಯಿರಿ.

ಪರೀಕ್ಷೆ

ಒಂದೇ ಸಲಕ್ಕೆ ಪೂರ್ತಿ ಗಾಳಿ ತುಂಬಬೇಡಿ. 2 ಬಾರ್‌ಗೆ ನಿಲ್ಲಿಸಿ ಸೋಪಿನ ನೀರು ಸವರಿ, ಆಮೇಲೆ 4ಕ್ಕೆ, ಆಮೇಲೆ ಯಂತ್ರ ತಾನಾಗಿ ನಿಲ್ಲುವಷ್ಟಕ್ಕೆ. ಗುಳ್ಳೆ ಕಂಡರೆ ಗಾಳಿ ಇರುವಾಗಲೇ ಪಾನಾ ಹಾಕಿ ಬಿಗಿಯುವ ಆಸೆ ಆಗುತ್ತದೆ. ಬೇಡ, ಖಾಲಿ ಮಾಡಿಯೇ ಬಿಗಿಯಿರಿ.

ಪೂರ್ತಿ ತುಂಬಿದ ಮೇಲೆ ಪ್ಲಗ್ ತೆಗೆದು, ಔಟ್‌ಲೆಟ್ ಮುಚ್ಚಿ, ಒಂದು ಗಂಟೆ ತಣಿಯಲು ಬಿಟ್ಟು ಗೇಜಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಬೆಳಿಗ್ಗೆ ಮುಳ್ಳು ಗೆರೆಗಿಂತ ತುಸು ಕೆಳಗಿದ್ದರೆ ಗಾಬರಿ ಬೇಡ: 8 ಬಾರ್ ಇದ್ದ ಟ್ಯಾಂಕ್ 35 ಡಿಗ್ರಿಯಿಂದ 28ಕ್ಕೆ ತಣಿದರೆ, ಒಂದಿಷ್ಟೂ ಸೋರದೆಯೇ ಒತ್ತಡ ಸುಮಾರು 0.2 ಬಾರ್ ಇಳಿಯುತ್ತದೆ. ಅದಕ್ಕಿಂತ ತುಂಬಾ ಇಳಿದಿದ್ದರೆ ಹೊಸ ವಾಲ್ವನ್ನೇ ಅನುಮಾನಿಸಬೇಡಿ, ಪೈಪಿನ ಕ್ವಿಕ್ ಕಪ್ಲರ್, ರೆಗ್ಯುಲೇಟರ್, ಎನ್‌ಆರ್‌ವಿ ಎಲ್ಲಕ್ಕೂ ಸೋಪಿನ ನೀರು ಸವರಿ ನೋಡಿ.

ಇನ್ನು ಮುಂದೆ, ಕೆಲಸ ಮುಗಿದ ಪ್ರತಿ ಸಲವೂ 1-2 ಬಾರ್ ಉಳಿದಿರುವಾಗ ವಾಲ್ವನ್ನು ನಿಧಾನವಾಗಿ ತೆರೆದು ನೀರು ಬಿಡಿ. ಪೂರ್ತಿ ಒತ್ತಡದಲ್ಲಿ ತೆರೆದರೆ ನೀರು ಮಂಜಾಗಿ ಚಿಮ್ಮಿ ಗೋಡೆಗೆ ರಾಚುತ್ತದೆ. ಮಳೆಗಾಲದಲ್ಲಿ ಸ್ಪ್ರೇ ಕೆಲಸ ನಡೆಯುತ್ತಿದ್ದರೆ ಅರ್ಧ ಗಂಟೆಗೊಮ್ಮೆ ಬಿಡುವುದು ಒಳ್ಳೆಯದು. ವಾಲ್ವ್ ಇರುವ ಕಡೆ ಟ್ಯಾಂಕ್ ಸ್ವಲ್ಪ ತಗ್ಗಿರುವ ಹಾಗೆ ಇನ್ನೊಂದು ತುದಿಗೆ ಮರದ ಹಲಗೆಯ ತುಂಡು ಕೊಡಿ, ಮೂಲೆಯ ನೀರೂ ಬಂದುಬಿಡುತ್ತದೆ. ಬಳಸದ ದಿನಗಳಲ್ಲಿ ವಾಲ್ವ್ ತೆರೆದೇ ಇರಲಿ. ಬಂದ ನೀರನ್ನು ಡಬ್ಬಿಯಲ್ಲೇ ಹಿಡಿಯಿರಿ. ಬಾಲ್ಕನಿಯ ತೂತಿಗೆ ಬಿಟ್ಟರೆ ಕೆಳಮನೆಯವರ ಗೋಡೆಯ ಮೇಲೆ ಕೆಂಪು ಗೆರೆ ಮೂಡುತ್ತದೆ, ಮುಂದಿನ ಸೊಸೈಟಿ ಮೀಟಿಂಗಿನ ವಿಷಯ ನೀವೇ ಆಗುತ್ತೀರಿ. ಆಯಿಲ್ ಬೆರೆತ ನೀರನ್ನು ಗಿಡಕ್ಕೂ ಹಾಕಬಾರದು.

ಟ್ಯಾಂಕೇ ಹೋಗಿದ್ದರೆ

ಯಂತ್ರ ಪೂರ್ತಿ ಹಾಳಾಯಿತು ಅಂದುಕೊಳ್ಳಬೇಕಿಲ್ಲ. ಮೋಟಾರು, ಪಂಪ್, ಪ್ರೆಷರ್ ಸ್ವಿಚ್, ಗೇಜು ಎಲ್ಲವೂ ಟ್ಯಾಂಕಿನ ಮೇಲೆ ಬೋಲ್ಟಿನಲ್ಲಿ ಕೂತಿರುತ್ತವೆ. ಅದೇ ಅಳತೆಯ ಹೊಸ ಟ್ಯಾಂಕ್ ಸಿಕ್ಕರೆ ಅವನ್ನು ಅದಕ್ಕೆ ವರ್ಗಾಯಿಸಬಹುದು. ಬೇರೆಯವರ ಯಂತ್ರದಿಂದ ಬಿಚ್ಚಿದ ಹಳೆಯ ಟ್ಯಾಂಕ್ ಅಗ್ಗಕ್ಕೆ ಬಂದರೂ ತರಬೇಡಿ, ಅದರ ಒಳಗೋಡೆಯ ಚರಿತ್ರೆ ಮಾರುವವರಿಗೂ ಗೊತ್ತಿರುವುದಿಲ್ಲ. ಹಳೆಯ ಟ್ಯಾಂಕನ್ನು ಹಾಗೆಯೇ ಭಂಗಾರದವರಿಗೆ, ಅಂದರೆ ಗುಜರಿಯವರಿಗೆ, ಕೊಟ್ಟರೆ ಮೇಲೊಂದು ಕೈ ಬಣ್ಣ ಬಳಿಸಿಕೊಂಡು ಅದು ಇನ್ನೊಬ್ಬರ ಮನೆ ಸೇರಬಹುದು. ಅದಕ್ಕೇ ಎಲ್ಲ ಫಿಟ್ಟಿಂಗ್ ಕಳಚಿ, ಸೋಪಿನ ನೀರಿನಿಂದ ಒಳಗಿನ ಆಯಿಲ್ ಪಸೆ ತೊಳೆದು, ಡ್ರೇನ್ ಸಾಕೆಟ್ಟಿನ ಥ್ರೆಡ್ಡಿಗೆ ಅಡ್ಡಲಾಗಿ ಹ್ಯಾಕ್ಸಾದಿಂದ ಆಳವಾಗಿ ಕೊಯ್ದು, ಮತ್ತೆ ಯಾವ ವಾಲ್ವೂ ಅಲ್ಲಿ ಕೂರದ ಹಾಗೆ ಮಾಡಿಯೇ ತಕ್ಕಡಿಗೆ ಹಾಕಿ.